ನೊಂದ ಸೊಸೆಯ ಕಾಗದ

ಚಿಕ್ಕಬೀರಮ್ಮನಿಗೆ ಬಿ.ಪಿ. ಇದೆಯೆಂದು ಗೊತ್ತಾದದ್ದು ಹೊಗೆಸೊಪ್ಪಿನ ಸಸಿ ನೆಡುವ ಕಾಲದಲ್ಲಿ. ಹೊಲದಲ್ಲೇ ತಲೆಸುತ್ತಿ ಕುಸಿದವಳನ್ನು ಮಗ ಚಲುವರಾಜು ಮತ್ತು ಸೊಸೆ ಬೃಂದಾ ಗಾವಡಗೆರೆಯಿಂದ ಹುಣಸೂರಿಗೆ ಕರೆದುಕೊಂಡು ಹೋದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ದಿನಕ್ಕೊಂದು ಗುಳಿಗೆ ಬರೆದುಕೊಟ್ಟು, ಬೃಂದಾಳ ಕಡೆ ತಿರುಗಿದರು.

"ಅಡುಗೆ ಮಾಡೋರು ನೀವೇ ತಾನೆ? ಉಪ್ಪು ಅರ್ಧಕ್ಕರ್ಧ ಕಮ್ಮಿ ಮಾಡಿ. ಉಪ್ಪಿನಕಾಯಿ, ಸಂಡಿಗೆ ಮುಟ್ಟಕೂಡದು. ಇಲ್ದಿದ್ರೆ ಲಕ್ವ ಹೊಡೆಯುತ್ತೆ."

ಕಾಯಿಲೆ ತನ್ನದು, ಹುಕುಂ ಸೊಸೆಗೆ. ಚಿಕ್ಕಬೀರಮ್ಮನಿಗೆ ಅಲ್ಲೇ ಮೈ ಉರಿಯಿತು. ಬಸ್ಸಿನಲ್ಲಿ ಇಡೀ ದಾರಿ ಅವಳು ಸೊಸೆಯ ಮುಖ ನೋಡಲಿಲ್ಲ.

ಬೃಂದಾ ಕೆ.ಆರ್. ನಗರದ ಕಡೆಯವಳು, ಪಿಯುಸಿ ಓದಿದವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಡಾಕ್ಟರು ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದಳು. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಯ ಮರಮ್ಮನಿಗೆ ಕೊಟ್ಟುಬಿಟ್ಟಳು. ಮೊದಲ ದಿನದ ಸಪ್ಪೆ ಸಾರಿಗೆ ಮುದ್ದೆ ಅದ್ದಿ ಬಾಯಿಗಿಟ್ಟ ಚಿಕ್ಕಬೀರಮ್ಮ ತಟ್ಟೆಯನ್ನು ಅಂಗಳಕ್ಕೆ ಎಸೆದಳು.

"ನಾಯೀನೂ ಮೂಸಾಕಿಲ್ಲ ಇದ್ನ. ಡಾಕ್ಟ್ರು ಹೆಸ್ರೇಳ್ಕಂಡು ನನ್ನ ನಾಲಿಗೆ ಸಾಯ್ಸಾಕೆ ಬಂದವ್ಳೆ, ಗದ್ದೆ ಸೀಮೆ ರಾಣಿ!"

"ನಿಮ್ಮ ಒಳ್ಳೇದಕ್ಕೇ ಕಣತ್ತೆ ಮಾಡ್ತಿರೋದು."

"ನನ್ನ ಒಳ್ಳೇದು ನೋಡಾಕೆ ನೀನ್ಯಾವಳಮ್ಮಿ?"

ಚಲುವರಾಜು ಅರ್ಧ ಊಟಕ್ಕೇ ಕೈತೊಳೆದು ಬ್ಯಾರನ್ ಕಡೆ ಹೋದ. ಅವನು ಯಾವತ್ತೂ ಹಾಗೇ. ಮನೆಯಲ್ಲಿ ಮಾತು ಎದ್ದರೆ ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ ಮನೆಗೆ ಹೋಗಿ ಒಲೆಗೆ ಸೌದೆ ನೂಕುತ್ತಾ ಕೂತುಬಿಡುತ್ತಿದ್ದ. ಒಲೆ ಹೊತ್ತಿರದ ತಿಂಗಳಲ್ಲೂ ಅಲ್ಲಿ ಅವನಿಗೆ ಏನೋ ಕೆಲಸ ಸಿಗುತ್ತಿತ್ತು.

ಚಿಕ್ಕಬೀರಮ್ಮ ಎಲೆಅಡಿಕೆ ಚೀಲದಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳತೊಡಗಿದಳು. ಸೊಸೆ ಬಡಿಸಿ ಅತ್ತ ಹೋದೊಡನೆ ತಟ್ಟೆಗೆ ಉದುರಿಸಿಕೊಳ್ಳುವಳು. ಬೃಂದಾ ಒಮ್ಮೆ ಕಂಡು ಪೊಟ್ಟಣ ಕಿತ್ತುಕೊಂಡಳು. ಅವತ್ತು ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ಕೇಳುವಂಥ ಬೈಗುಳ ಆಯಿತು.

ಮೂರು ತಿಂಗಳು ಹೀಗೇ ನಡೆಯಿತು. ಆಮೇಲೆ ಆ ಕಾಗದ ಬಂತು.

ಹುಣಸೂರಿನಿಂದ ನಾಲ್ಕು ಪುಟದ ಒಂದು ವಾರಪತ್ರಿಕೆ ಹೊರಡುತ್ತಿತ್ತು. ಅದರ ಕೊನೆಯ ಪುಟದಲ್ಲಿ 'ಪ್ರೇಮಕ್ಕನನ್ನು ಕೇಳಿ' ಎಂಬ ಅಂಕಣ. ಮಂಡಿನೋವು, ಮಕ್ಕಳಾಗದಿರುವುದು, ಟಿ.ವಿ. ಹುಚ್ಚು, ಕುಡುಕ ಗಂಡ, ಯಾವುದಕ್ಕೂ ಪ್ರೇಮಕ್ಕನ ಹತ್ತಿರ ಉತ್ತರವಿತ್ತು. ಊರಿನ ರೇಷನ್ ಅಂಗಡಿಯ ಕೆಂಪಯ್ಯ ಅದನ್ನು ಗಟ್ಟಿಯಾಗಿ ಓದುವನು, ಸೀಮೆಎಣ್ಣೆಗೆ ಬಂದವರು ಕೇಳುವರು. ಆವತ್ತು ಸಾಲಿನಲ್ಲಿ ಚಿಕ್ಕಬೀರಮ್ಮನೂ ನಿಂತಿದ್ದಳು.

"'ನನ್ನ ಅತ್ತೆಗೆ ಬಿ.ಪಿ. ಇದೆ. ಡಾಕ್ಟರು ಉಪ್ಪು ಬೇಡ ಅಂದಿದ್ದಾರೆ. ಆದರೆ ಎಲೆಅಡಿಕೆ ಚೀಲದಲ್ಲಿ ಉಪ್ಪು ಕದ್ದಿಟ್ಟುಕೊಂಡು ತಿನ್ನುತ್ತಾರೆ. ಕೇಳಿದರೆ ಊರು ಒಂದು ಮಾಡುತ್ತಾರೆ. ನಾನು ಏನು ಮಾಡಲಿ? ಇತಿ, ನೊಂದ ಸೊಸೆ, ಗಾವಡಗೆರೆ.'"

ಕೆಂಪಯ್ಯ ಉತ್ತರವನ್ನೂ ಓದಿದ. "'ತಂಗಿ, ಹಟಮಾರಿ ರೋಗಿಗೂ ತುಂಟ ಎತ್ತಿಗೂ ಮೂಗುದಾರವೇ ಮದ್ದು. ಉಪ್ಪಿನ ಡಬ್ಬಕ್ಕೆ ಬೀಗ ಹಾಕು. ಚೀಲವನ್ನು ದಿನಾ ತಪಾಸಣೆ ಮಾಡು.'"

ಓದಿ ಮುಗಿಸುವಷ್ಟರಲ್ಲಿ ಸಾಲಿನಲ್ಲಿದ್ದವರ ಕಣ್ಣೆಲ್ಲ ಚಿಕ್ಕಬೀರಮ್ಮನ ಸೊಂಟದ ಚೀಲದ ಮೇಲಿತ್ತು. ಯಾರೋ ಕಿಸಕ್ಕನೆ ನಕ್ಕರು. ಅವಳು ಸೀಮೆಎಣ್ಣೆ ಡಬ್ಬವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಬೃಂದಾ ಬಟ್ಟೆ ಒಗೆಯುತ್ತಿದ್ದಳು. ಚಿಕ್ಕಬೀರಮ್ಮ ಹಿಂದಿನಿಂದ ಜುಟ್ಟು ಹಿಡಿದಳು.

"ಪೇಪರ್‌ಗೆ ಹಾಕ್ಸಿದ್ಯಾ ನನ್ನ? ಎತ್ತು ಅಂದ್ಯಾ ನನ್ನ?"

ವಿಷಯ ಏನೆಂದು ಬೃಂದಾಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ನಮ್ಮಪ್ಪನಾಣೆ ನಾನು ಬರೆದಿಲ್ಲ," ಅಂದಳು.

"ನಮ್ಮನೇಲಿ ಓದು ಬರಹ ಬರೋಳು ಇನ್ಯಾವಳವ್ಳೆ? ನಾನು ಬರದ್ನಾ?"

ಗಲಾಟೆ ಕೇಳಿ ಚಲುವರಾಜು ಬಂದ. ಅವ್ವನ ಕೈ ಬಿಡಿಸಿದ. ಬೃಂದಾ ಅವನನ್ನೇ ನೋಡಿ, "ನೀವಾದ್ರೂ ಹೇಳಿ, ನಾನು ಅಂಥವಳಾ?" ಅಂದಳು. ಅವನು ನೆಲ ನೋಡಿದ.

"ಹೋಗ್ಲಿ ಬುಡವ್ವ," ಅಂದ ಅವ್ವನಿಗೆ. ಹೆಂಡತಿಗೆ ಮೆಲ್ಲಗೆ, "ತಪ್ಪಾಯ್ತು ಅನ್ಬುಡು ಅತ್ಲಾಗೆ. ಮುಗ್ದೋಗ್ಲಿ."

"ಮಾಡದೇ ಇರೋ ತಪ್ಪಿಗಾ?"

ಅವನು ಬ್ಯಾರನ್ ಕಡೆ ಹೊರಟುಹೋದ.

ಆವತ್ತಿನಿಂದ ಚಿಕ್ಕಬೀರಮ್ಮ ಜಗಲಿಯ ಮೇಲೆ ಮೂರು ಕಲ್ಲು ಹೂಡಿ ತನ್ನ ಅಡುಗೆ ತಾನೇ ಮಾಡಿಕೊಂಡಳು. ಎಲ್ಲರಿಗೂ ಕಾಣುವ ಹಾಗೆ ಹಿಡಿ ಹಿಡಿ ಉಪ್ಪು ಸುರಿದಳು. ಗುಳಿಗೆಗಳನ್ನು ತಿಪ್ಪೆಗೆ ಎಸೆದಳು. ಸೊಪ್ಪಿನ ಕೆಲಸ ಶುರುವಾಗಿತ್ತು. ಬ್ಯಾರನ್‌ನಲ್ಲಿ ತೂಗುಹಾಕುವ ಕಡ್ಡಿಗೆ ಸೊಪ್ಪು ಕಟ್ಟಲು ಬಂದ ಹೆಂಗಸರು ಬೃಂದಾ ಕಂಡರೆ ಮಾತು ನಿಲ್ಲಿಸುವರು. "ಮೆಲ್ಲಗೆ ಮಾತಾಡ್ರವ್ವ, ಪೇಪರ್‌ನೋಳು ಬಂದ್ಲು," ಎಂದು ಮರಮ್ಮ ಒಂದು ದಿನ ಬಾಯಿಬಿಟ್ಟೇ ಅಂದಳು. ಉಪ್ಪಿನಕಾಯಿ ಜಾಡಿ ಇನ್ನೂ ಅವಳ ಮನೆಯಲ್ಲೇ ಇತ್ತು.

ಬೃಂದಾ ಅಳಲಿಲ್ಲ. ಮಾರನೆಯ ದಿನ ಬೆಳಗಿನ ಬಸ್ಸು ಹತ್ತಿ ಹುಣಸೂರಿಗೆ ಹೋದಳು.

ಪತ್ರಿಕೆಯ ಕಚೇರಿ ಎಂದರೆ ಮದುವೆ ಕಾಗದ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸು. ಅದರ ಒಡೆಯ ಮಹದೇವಯ್ಯ, ಐವತ್ತು ದಾಟಿದವರು, ಬೆರಳಿನ ಮಸಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಕೂತಿದ್ದರು.

"ಪ್ರೇಮಕ್ಕನ್ನ ನೋಡಬೇಕಿತ್ತು," ಅಂದಳು ಬೃಂದಾ.

"ಏನು ಹೇಳಮ್ಮ. ನಾನೇ."

ಬೃಂದಾ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಅತ್ತೆ ಚೀಲ ತಪಾಸಣೆ ಮಾಡು ಅಂತ ಬರೆದೋರು ನೀವಾ? ನಿಮ್ಮನೇಲಿ ಅತ್ತೆ ಸೊಸೆ ಎಷ್ಟು ಜನ ಇದಾರೆ?"

"ನನಗೆ ಮದುವೆ ಆಗಿಲ್ಲ," ಅಂದರು ಮಹದೇವಯ್ಯ.

"ನಿಮ್ಮ ಒಂದು ಮಾತಿಂದ ನಮ್ಮ ಅತ್ತೆ ಗುಳಿಗೆ ಬಿಟ್ಟು ಕೂತವ್ರೆ. ಲಕ್ವ ಹೊಡೆದ್ರೆ ನೀವು ಬಂದು ಎತ್ತಿ ಕೂರಿಸ್ತೀರಾ? ಬರೆದಿದ್ದು ನಾನಲ್ಲ. ಯಾರು ಅಂತ ನನಗೆ ಗೊತ್ತಾಗಬೇಕು. ಕಾಗದ ಕೊಡಿ."

"ಓದುಗರ ಕಾಗದ ತೋರಿಸೋ ಹಾಗಿಲ್ಲಮ್ಮ. ಅದು ಪತ್ರಿಕೆ ಧರ್ಮ."

"ಊರ ಹೆಸರು ಹಾಕಿದ್ರಲ್ಲ, ಅದ್ಯಾವ ಧರ್ಮ?"

ಅಷ್ಟರಲ್ಲಿ ಲಗ್ನಪತ್ರಿಕೆ ಹೇಳಿಹೋಗಲು ಇಬ್ಬರು ಬಂದು ನಿಂತರು. ಬೃಂದಾ ಅಲ್ಲಾಡಲಿಲ್ಲ. ಮಹದೇವಯ್ಯ ಗೊಣಗುತ್ತಾ ಒಂದು ರಟ್ಟಿನ ಪೆಟ್ಟಿಗೆ ಕೆದಕಿ ಎರಡು ಹಾಳೆ ತೆಗೆದುಕೊಟ್ಟರು. "ಮೊದಲ ಹಾಳೆ ಮಾತ್ರ ಹಾಕಿದ್ದು. ಎರಡನೇದು ಏನೋ ತಲೆಬುಡ ಇರಲಿಲ್ಲ, ಬಿಟ್ಟೆ."

ಬೃಂದಾಳಿಗೆ ಓದುವ ಮೊದಲೇ ಗೊತ್ತಾಯಿತು. ನಿಶ್ಚಿತಾರ್ಥವಾದ ಮೇಲೆ ಚಲುವರಾಜು ಅವಳಿಗೆ ಎರಡು ಕಾಗದ ಬರೆದಿದ್ದ. ಅದೇ ಎಡಕ್ಕೆ ವಾಲಿದ ಅಕ್ಷರ. ಬೆಂಚಿನ ಮೇಲೆ ಕೂತು ಎರಡನೆಯ ಹಾಳೆಯನ್ನು ಎರಡು ಸಲ ಓದಿದಳು. ಹಾಳೆಗಳನ್ನು ಕೈಯಲ್ಲೇ ಹಿಡಿದು ಊರಿಗೆ ಮರಳುವ ಬಸ್ಸು ಹತ್ತಿದಳು.

ಮಧ್ಯಾಹ್ನ ತಾಯಿ ಮಗ ಇಬ್ಬರೂ ಬ್ಯಾರನ್ ಮುಂದೆ ಇದ್ದರು, ಒಬ್ಬರಿಗೊಬ್ಬರು ಬೆನ್ನು ಹಾಕಿ. ಸೊಪ್ಪು ಕಟ್ಟುವವರು ಊಟಕ್ಕೆ ಹೋಗಿದ್ದರು. ಬೃಂದಾಳ ಕೈಯಲ್ಲಿನ ಹಾಳೆ ಕಂಡು ಚಲುವರಾಜು ಎದ್ದು ನಿಂತ.

"ಕೂತ್ಕೊಳ್ಳಿ," ಅಂದಳು ಅವಳು. "ಇವತ್ತು ಎಲ್ಲಿಗೂ ಹೋಗಂಗಿಲ್ಲ. ಅತ್ತೆ, ಇದು ಪೇಪರ್‌ನವರು ಹಾಕದೇ ಬಿಟ್ಟಿದ್ದು. ಕೇಳಿಸ್ಕೊಳ್ಳಿ."

ಅವಳು ಓದಿದಳು. "'ನಮ್ಮಪ್ಪನಿಗೆ ಮೈಯೆಲ್ಲ ಊದಿಕೊಂಡಿತ್ತು. ಮೈಸೂರಿನ ಡಾಕ್ಟರು ಒಂದು ಕಲ್ಲು ಉಪ್ಪೂ ಕೊಡಬೇಡಿ ಅಂದಿದ್ದರು. ಅವ್ವ ಕದ್ದು ಉಪ್ಪಿನಕಾಯಿ ತಿನ್ನಿಸಿದಳು. ನಾನು ಕೋಣೆ ಬಾಗಿಲ ಸಂದಿಯಿಂದ ನೋಡಿದೆ. ನನಗೆ ಆಗ ಏಳು ವರ್ಷ. ನಾಲ್ಕನೇ ದಿನ ಅಪ್ಪ ತೀರಿಕೊಂಡರು. ಇವತ್ತು ಅವ್ವನ ಕೈಲಿ ಉಪ್ಪು ಕಂಡರೆ ನನಗೆ ಜೀವ ನಿಲ್ಲುವುದಿಲ್ಲ.'"

ಚಿಕ್ಕಬೀರಮ್ಮನ ಕೈಯಿಂದ ಸೊಪ್ಪಿನ ಕಡ್ಡಿ ಜಾರಿತು. ಓದು ಬಾರದವಳಿಗೆ ಅಕ್ಷರದ ಗುರುತು ಬೇಕಿರಲಿಲ್ಲ. ಆ ದಿನ ಆ ಮನೆಯಲ್ಲಿ ಅವಳು, ಗಂಡ, ಒಂದು ಮಗು, ಇನ್ಯಾರೂ ಇರಲಿಲ್ಲ.

"ನೀನಾ?" ಅಂದಳು. "ಇಪ್ಪತ್ತೆರಡು ವರ್ಷ ನನ್ನ ಕೈ ಅನ್ನ ಉಂಡು ಇದ್ನ ಒಟ್ಟೇಲಿಟ್ಕಂಡಿದ್ಯಾ?"

ಚಲುವರಾಜು ಒಲೆಯ ಕಡೆ ತಿರುಗಿ ಒಂದು ಸೌದೆ ನೂಕಿದ.

"ಅವರು ಕೈ ಮುಗುದ್ರು ಕಣ್ಲಾ! ಒಂದು ಚೂರು ನಾಲಿಗೆಗಿಕ್ಕು ಬೀರಿ, ಸಪ್ಪೇಲೇ ಸಾಯಿಸಬ್ಯಾಡ ಅಂತ ಕಣ್ಣೀರಾಕುದ್ರು. ಡಾಕ್ಟ್ರು ಎಂಗೂ ಕೈ ಬುಟ್ಟಿದ್ರು. ನಾನೇ ಕೊಂದೆ ಅಂತ ಬರ್ದೆಯಾ? ಅದೂ ಊರಿಗೆ?"

"ಕೊಂದೆ ಅಂತ ಬರೆದಿಲ್ಲ ಕಣವ್ವ..."

"ಇನ್ನೇನ್ಲಾ ಬರ್ದಿರಾದು ಅದ್ರಾಗೆ?"

ಬೃಂದಾ ಅಡ್ಡ ಬಂದಳು. ಅವಳ ಕೋಪ ಬೇರೆ ಕಡೆಗಿತ್ತು. "ನಿಮ್ಮಮ್ಮನ ವಿಷಯ ಆಮೇಲೆ. ನನ್ನ ಹೆಸರಲ್ಲಿ ಯಾಕೆ ಬರೆದ್ರಿ?"

"ನನ್ನೆಸ್ರಲ್ಲಿ ಬರಿಯಾಕೆ ಧೈರ್ಯ ಬರ್ನಿಲ್ಲ."

"ನಾನು ಅಂಥವಳಾ ಅಂದಾಗ ನೆಲ ನೋಡ್ಕೊಂಡು ನಿಂತ್ಕೊಳ್ಳೋಕೆ ಧೈರ್ಯ ಇತ್ತು. ತಪ್ಪೊಪ್ಕೊ ಅನ್ನೋಕೂ ಇತ್ತು." ಅವಳು ಹಾಳೆಗಳನ್ನು ಮಡಿಸಿ ಅವನ ಅಂಗಿ ಜೇಬಿಗೆ ತುರುಕಿದಳು. "ಇವತ್ತೇ ಕೆಂಪಯ್ಯನ ಅಂಗಡಿ ಮುಂದೆ ನಿಂತು ಬರೆದೋನು ನಾನು ಅಂತ ಹೇಳಬೇಕು. ಇಲ್ದಿದ್ರೆ ನಾಳೆ ಬೆಳಗ್ಗೆ ನಾನು ಕೆ.ಆರ್. ನಗರದ ಬಸ್ಸಲ್ಲಿರ್ತೀನಿ. ಕರೆಯೋಕೆ ಬರಬೇಡಿ."

ಸಂಜೆ ಅವನು ಹೋದ. ಅಂಗಡಿಯ ಮುಂದೆ ಏಳೆಂಟು ಜನ ಇದ್ದರು. "ಆ ಕಾಗದ ನಾನೇ ಬರೆದದ್ದು. ನಮ್ಮನೆಯವಳಿಗೂ ಅದಕ್ಕೂ ಸಂಬಂಧ ಇಲ್ಲ," ಅಂದ. ಕೆಂಪಯ್ಯ, "ಓಹೋ, ನೊಂದ ಸೊಸೆ ನೀನಾ?" ಅಂದ. ನಗು ಬೀದಿಯ ತುದಿಯವರೆಗೂ ಕೇಳಿಸಿತು. ಸೊಪ್ಪಿನ ಕಾಲ ಮುಗಿಯುವವರೆಗೂ ಅವನನ್ನು ಊರ ಹೈಕಳು ಸೊಸೆ ಅಂತಲೇ ಕರೆದರು.

ಚಿಕ್ಕಬೀರಮ್ಮ ಸೊಸೆಗೆ ತಪ್ಪಾಯಿತು ಅನ್ನಲಿಲ್ಲ. ಬೃಂದಾ ಹೊಸ ಗುಳಿಗೆ ತಂದು ಜಗಲಿಯ ಮೇಲಿಟ್ಟಳು, "ತಿಂದ್ರೆ ತಿನ್ನಿ, ಬುಟ್ರೆ ಬುಡಿ, ನಿಮ್ಮ ಜೀವ," ಎಂದು ಒಳಗೆ ಹೋದಳು. ಅದಾದ ಮೇಲೆ ಗುಳಿಗೆ ಒಂದೊಂದಾಗಿ ಕಮ್ಮಿಯಾಯಿತು. ಮಗನ ಜೊತೆ ಮಾತ್ರ ಮುದುಕಿ ಮಾತು ಬಿಟ್ಟಳು. ಅವನು ಬಂದರೆ ಎದ್ದು ಒಳಗೆ ಹೋಗುವಳು. ಏನಾದರೂ ಹೇಳಬೇಕಿದ್ದರೆ ಸೊಸೆಗೆ ಹೇಳುವಳು: "ಸೌದೆ ಮುಗ್ದದೆ ಅನ್ನು ಅವನ್ಗೆ." ಅವನೂ ಹಾಗೇ: "ಅವ್ವನಿಗೆ ಹೇಳು, ನಾಳೆ ಡಾಕ್ಟ್ರತ್ರ ಹೋಗ್ಬೇಕು."

ದಸರೆಗೆ ಮೂರು ದಿನ ಇರುವಾಗ ಬೃಂದಾಳಿಗೆ ಸಾಕಾಯಿತು. ಅಂಗಳದ ನಡುವೆ ನಿಂತು, "ನಾನೇನು ಪೋಸ್ಟ್ ಆಫೀಸಾ? ಇಬ್ರಿಗೂ ಬಾಯದೆ. ಬೈದಾಡ್ಕೊಳ್ಳಿ, ಹೊಡೆದಾಡ್ಕೊಳ್ಳಿ, ನನ್ನ ನಡುವೆ ತರಬೇಡಿ," ಎಂದು ಕದ ಹಾಕಿಕೊಂಡಳು.

ಹೊರಗೆ ಚಿಕ್ಕಬೀರಮ್ಮನ ಗಂಟಲು ಎದ್ದಿತು. "ಎತ್ತ ತಾಯಿನೇ ಕೊಲೆಗಾರ್ತಿ ಅಂದ ಮಗ ನೀನು!"

"ಏಳು ವರ್ಷದ ಮಗ ಕಣವ್ವ ನಾನು! ನನಗೆ ಯಾರು ಹೇಳುದ್ರು ಅಪ್ಪ ಎಂಗೂ ಸಾಯ್ತಿದ್ದ ಅಂತ? ನೀನು ಹೇಳಿದ್ಯಾ?" ಚಲುವರಾಜು ಕೂಗುತ್ತಿದ್ದ. ಅವನು ಕೂಗಿದ್ದನ್ನು ಬೃಂದಾ ಕೇಳಿದ್ದು ಅದೇ ಮೊದಲು.

ಅವ್ವ ಅದಕ್ಕೂ ಬೈದಳು. ಮಗ ಅದಕ್ಕೂ ಎದುರಾಡಿದ. ಮರಮ್ಮ ಬೇಲಿಯ ಹತ್ತಿರ ಬಂದು ನಿಂತದ್ದನ್ನು ಇಬ್ಬರೂ ಲೆಕ್ಕಿಸಲಿಲ್ಲ. ಬೃಂದಾ ಕದ ತೆರೆಯಲಿಲ್ಲ. ಒಳಗೆ ಒಲೆ ಹಚ್ಚಿ ಮೂವರಿಗೂ ಮುದ್ದೆಗೆ ಎಸರಿಟ್ಟಳು.