ಒಳಗೇನಿದೆ ಎಂದು ಬರೆಯದ ಡಬ್ಬಿ

ಮರ್ಗಿಲಾನ್ ಪಟ್ಟಣದ ನೇಕಾರರ ಓಣಿಯಲ್ಲಿ ಒಯ್ದಿನ್ ಎಂಬ ಹೆಂಗಸಿದ್ದಳು. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಅದೇ ಕಸುಬಿನಲ್ಲಿ ಒಬ್ಬಳೇ ಮಗಳು ಜೆಬಿನಿಸೋಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ಹುಡುಗಿಗೆ ಹತ್ತೊಂಬತ್ತು. ಕೈಕೆಲಸದಲ್ಲಿ ಜಾಣೆ, ಮಾತಿನಲ್ಲಿ ಚೂಟಿ. ಆದರೆ ಎರಡೂ ಕೆನ್ನೆಯ ತುಂಬ ಮೊಡವೆ, ಮೊಡವೆ ಒಣಗಿದ ಕಡೆಯೆಲ್ಲ ಕಂದು ಕಲೆ.

ವಸಂತದಲ್ಲಿ ಹೆಣ್ಣು ನೋಡಲು ಮೂವರು ಹೆಂಗಸರು ಬಂದರು. ಪಲಾವ್ ಉಂಡರು, ಹಸಿರು ಚಹಾ ಕುಡಿದರು. ಹೊರಡುವಾಗ ಹುಡುಗನ ತಾಯಿ ಬಾಗಿಲಲ್ಲಿ ನಿಂತು, "ಹುಡುಗಿ ಒಳ್ಳೆಯವಳೇ. ಮುಖ ಸ್ವಲ್ಪ ತಿಳಿಯಾಗ್ಲಿ, ಆಮೇಲೆ ಬರ್ತೀವಿ" ಅಂದಳು. ಆ ಮಾತು ಒಯ್ದಿನಳಿಗೆ ಮುಳ್ಳಿನಂತೆ ನಾಟಿತು.

ಪಕ್ಕದ ಮನೆಯ ಮುವತ್ತರ್ ಆರೋಗ್ಯ ಕೇಂದ್ರದಲ್ಲಿ ದಾದಿ. ವಯಸ್ಸಿನಲ್ಲಿ ದೊಡ್ಡವಳು, ಓಣಿಯವರೆಲ್ಲ ಅವಳನ್ನು ಅಕ್ಕ ಎನ್ನುವ ಹಾಗೆ 'ಅಪಾ' ಎಂದು ಕರೆಯುತ್ತಿದ್ದರು. ಅವಳು ಔಷಧದ ಅಂಗಡಿಯಿಂದ ಮೊಡವೆಗೆಂದೇ ಇರುವ ಫೇಸ್‌ವಾಶ್ ತರಿಸಿಕೊಟ್ಟು, ಒಂದೆರಡು ತಿಂಗಳು ತಾಳ್ಮೆ ಬೇಕು ಎಂದಿದ್ದಳು. ಒಯ್ದಿನ್ ನಾಲ್ಕು ದಿನ ನೋಡಿದಳು. ನೊರೆ ಬರುವುದಿಲ್ಲ, ಘಮವಿಲ್ಲ, ಇದೇನು ನೀರು ತುಂಬಿಸಿ ಮಾರುತ್ತಾರೋ ಎಂದು ಅದನ್ನು ಮೂಲೆಗೆ ಸೇರಿಸಿದಳು. ಮರುವಾರ ಸಂತೆಯಿಂದ ಬಿಳಿ ಡಬ್ಬಿಯೊಂದನ್ನು ತಂದಳು. ಅದರಲ್ಲಿದ್ದ ಮುಲಾಮಿನಿಂದ ದಿನಕ್ಕೆರಡು ಸಲ ತಿಕ್ಕಿ ಮುಖ ತೊಳೆದರೆ ಹಾಲಿನ ಬಣ್ಣ ಬರುತ್ತದೆ ಎಂದು ಮಾರುವವಳು ಹೇಳಿದ್ದಳು.

ಮುವತ್ತರ್ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದರಲ್ಲಿ ಏನೇನಿದೆ ಅಂತ ಎಲ್ಲೂ ಬರೆದಿಲ್ವಲ್ಲೇ ಒಯ್ದಿನ್."

"ಬಾದಾಮಿ ಹೂವಿನ ಚಿತ್ರ ಇದೆಯಲ್ಲ ಅಪಾ. ಬಾದಾಮೀನೇ ಇರತ್ತೆ."

"ನೀನು ನೂಲಿಗೆ ಬಣ್ಣ ಹಾಕೋವಾಗ ಯಾವ ಪುಡಿ ಅಂತ ಕೇಳದೇನೇ ಹಾಕ್ತೀಯಾ?"

"ಅದು ರೇಷ್ಮೆ ಅಪಾ. ಹಾಳಾದ್ರೆ ಮತ್ತೆ ಸರಿಹೋಗಲ್ಲ" ಎಂದಳು ಒಯ್ದಿನ್. ಏನು ಹೇಳಿದೆ ಎಂಬುದು ಅವಳ ಕಿವಿಗೇ ಬೀಳಲಿಲ್ಲ.

ಮೂರೇ ವಾರದಲ್ಲಿ ಜೆಬಿನಿಸೋಳ ಮುಖ ಬೆಳ್ಳಗಾಯಿತು. ಕಲೆಗಳು ಮಾಸಿದವು. ಓಣಿಯ ಹೆಂಗಸರು ಕೇಳಿ ಕೇಳಿ ವಿವರ ತಿಳಿದುಕೊಂಡರು. ಒಯ್ದಿನ್ ಹೆಮ್ಮೆಯಿಂದ ತಾನೇ ಸಂತೆಗೆ ಹೋಗಿ ನಾಲ್ಕು ಮನೆಗೆ ನಾಲ್ಕು ಡಬ್ಬಿ ತಂದುಕೊಟ್ಟಳು. ಹುಡುಗನ ಮನೆಯವರು ಮತ್ತೆ ಬಂದರು, ಅಲ್ಲಿನ ಪದ್ಧತಿಯಂತೆ ರೊಟ್ಟಿ ಮುರಿದು ಹಂಚಿ ಸಂಬಂಧ ಗಟ್ಟಿ ಮಾಡಿಕೊಂಡರು.

ಬೇಸಿಗೆ ಕಳೆಯುವಷ್ಟರಲ್ಲಿ ಹುಡುಗಿಗೆ ಸುಸ್ತು ಶುರುವಾಯಿತು. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊತ. ಆಮೇಲೆ ಕಾಲು ಬಾತುಕೊಂಡಿತು, ಮೂತ್ರದಲ್ಲಿ ನೊರೆ. ಮದುವೆಯ ಆತಂಕ ಇರಬೇಕು ಎಂದುಕೊಂಡ ತಾಯಿ ದಿನಾ ತಪ್ಪದೆ ಮುಖ ತೊಳೆಯಲು ನೆನಪಿಸುತ್ತಲೇ ಇದ್ದಳು. ಮುವತ್ತರ್ ಒಂದು ದಿನ ಹುಡುಗಿಯ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಿದ್ದ ಗುಳಿ ಹಾಗೇ ಉಳಿಯಿತು. ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು.

ಮುಖಕ್ಕೆ ಹಚ್ಚುವುದನ್ನೆಲ್ಲ ತನ್ನಿ ಎಂದರು ವೈದ್ಯರು. ಡಬ್ಬಿಯನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿದ್ದದ್ದು ಪಾದರಸ. ಬಣ್ಣ ತಿಳಿಯಾಗಿಸುವ ಅದೇ ಪಾದರಸ ಚರ್ಮದೊಳಗೆ ಇಳಿದು ಮೂತ್ರಪಿಂಡವನ್ನು ಹಾಳುಮಾಡಿತ್ತು. ಮೊದಲಿನಂತಾಗುತ್ತದೆಯೇ ಎಂದು ಒಯ್ದಿನ್ ಕೇಳಿದಳು. ಹೇಳಲಾಗದು ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಒಯ್ದಿನ್ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. "ಎಲ್ಲಾ ಬಣ್ಣದ ಬಗ್ಗೆನೂ ಗೊತ್ತಿತ್ತು ಅಪಾ ನಂಗೆ. ಇದೊಂದನ್ನ ಕೇಳಲಿಲ್ಲ."

ಮುವತ್ತರ್ ಚುಚ್ಚಿ ಮಾತಾಡಲಿಲ್ಲ. ವೈದ್ಯರಿಗೆ ತೋರಿಸಲೆಂದು ಮನೆಯಿಂದ ತಂದಿದ್ದ, ಮೂಲೆ ಸೇರಿದ್ದ ಫೇಸ್‌ವಾಶನ್ನೂ ತನ್ನ ಚೀಲದಲ್ಲಿದ್ದ ತನ್ನದೊಂದನ್ನೂ ತೆಗೆದು ಅವಳ ತೊಡೆಯ ಮೇಲಿಟ್ಟಳು. ಹಿಂಬದಿಯ ಪಟ್ಟಿಯನ್ನು ಓದುವುದು ಹೇಗೆಂದು ಹೇಳಿಕೊಟ್ಟಳು. ಹೆಚ್ಚು ಇರುವುದನ್ನು ಮೊದಲು ಬರೆಯುತ್ತಾರೆ, ಕಡಿಮೆ ಇರುವುದು ಕೊನೆಗೆ. ಎರಡರಲ್ಲೂ ಮೊದಲು ನೀರು. ತನ್ನದರಲ್ಲಿ ನೀರಿನ ಬೆನ್ನಿಗೇ ಸೋಡಿಯಂ ಲಾರಿಲ್ ಸಲ್ಫೇಟ್. ನೊರೆ ಉಕ್ಕುತ್ತದೆ, ಆದರೆ ಚರ್ಮದ ಜಿಡ್ಡನ್ನೆಲ್ಲ ಎಳೆದು ಒಣಗಿಸಬಹುದು. ಹುಡುಗಿಯದರಲ್ಲಿ ಆ ಜಾಗದಲ್ಲಿ ಗ್ಲುಕೋಸೈಡ್, ಆಮೇಲೆ ಗ್ಲಿಸರಿನ್. ನೊರೆ ಕಡಿಮೆ, ಚರ್ಮಕ್ಕೆ ಮೃದು. ಕೊನೆಯಲ್ಲಿ ಸ್ವಲ್ಪ ಸ್ಯಾಲಿಸಿಲಿಕ್ ಆಮ್ಲ, ಮೊಡವೆಗೆ ಬೇಕಾದದ್ದು ಅದೇ. ಪರಿಮಳವೂ ಒಂದು ಪದಾರ್ಥವೇ. ತುರಿಕೆ ಏಳುವವರು ಅದಿಲ್ಲದ್ದನ್ನು ಆರಿಸಬೇಕು. ಒಯ್ದಿನ್ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಓದುತ್ತ ಓದುತ್ತ ಅತ್ತಳು.

ಸುದ್ದಿ ತಿಳಿದ ಹುಡುಗನ ಮನೆಯವರು ಸಂಬಂಧ ಬೇಡವೆಂದು ಹೇಳಿಕಳಿಸಿದರು. ಒಯ್ದಿನ್ ಅದಕ್ಕೆ ಅಳಲೂ ಇಲ್ಲ. ಡಬ್ಬಿ ಕೊಟ್ಟ ನಾಲ್ಕು ಮನೆಗಳಿಗೆ ಹೊರಟಳು. ಮೂವರು ತಕ್ಷಣ ಹಿಂದಿರುಗಿಸಿದರು. ನಾಲ್ಕನೆಯವಳು ಮುಖರ್ರಮ್, ಮಗಳ ಮದುವೆ ಹತ್ತಿರವಿದ್ದವಳು, ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. "ನಿನ್ನ ಮಗಳ ಮದುವೆ ಮುರೀತು ಅಂತ ನನ್ನ ಮಗಳದ್ದೂ ಮುರೀಬೇಕಾ? ನನ್ನ ಹುಡುಗಿಗೆ ಏನೂ ಆಗಿಲ್ಲ."

ಮರುದಿನ ಜೆಬಿನಿಸೋ ತಾನೇ ಹೋದಳು. ಅವಳ ಕಾಲಿಗೆ ಯಾವ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಬರಿಗಾಲಲ್ಲೇ ನಡೆದಳು. ಮುಖರ್ರಮಳ ಜಗಲಿಯಲ್ಲಿ ಕೂತು ಉಡುಪಿನ ಅಂಚು ಸರಿಸಿ ಬಾತ ಕಾಲು ತೋರಿಸಿದಳು. "ನಂಗೂ ಎರಡು ತಿಂಗಳು ಏನೂ ಆಗಿರಲಿಲ್ಲ ಚಿಕ್ಕಮ್ಮ. ಎಲ್ರೂ ಚೆಂದ ಅಂತಿದ್ರು."

ಮುಖರ್ರಮ್ ಒಳಗೆ ಹೋಗಿ ಡಬ್ಬಿ ತಂದು ಅವಳ ಕೈಗಿತ್ತಳು. ಮಗಳನ್ನು ಆ ವಾರವೇ ಪರೀಕ್ಷೆಗೆ ಕರೆದೊಯ್ದಳು. ಉಳಿದ ಮೂರು ಮನೆಯವರೂ ಹೋದರು. ಹಿಂದಿರುಗಿ ಬಂದ ಡಬ್ಬಿಗಳನ್ನು ತಾಯಿ ಮಗಳು, ಪಾದರಸ ನೀರಿಗೆ ಸೇರದಿರಲೆಂದು ಕಾಲುವೆಗೆ ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮುವತ್ತರಳಿಗೆ ಒಪ್ಪಿಸಿದರು.

ಜೆಬಿನಿಸೋ ಈಗಲೂ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತಾಳೆ. ಊತ ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ವೈದ್ಯರು ಇನ್ನೂ ಭರವಸೆಯ ಮಾತಾಡಿಲ್ಲ.

ಅಕ್ಕಂದಿರೇ, ತಾಯಂದಿರೇ, ಮುಖಕ್ಕೆ ಹಚ್ಚುವ ಯಾವುದನ್ನೇ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ತಿರುಗಿಸಿ ಹಿಂಬದಿ ಓದಿ. ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಮರ್ಕ್ಯೂರಿ, ಕ್ಯಾಲೊಮೆಲ್ ಎಂದಿದ್ದರೆ ಅದು ಪಾದರಸ, ಮುಟ್ಟಬೇಡಿ. ಏನೂ ಬರೆದಿಲ್ಲದಿದ್ದರೆ ಕೊಳ್ಳಲೇಬೇಡಿ. ಓದಲು ಬಾರದಿದ್ದರೆ ಆರೋಗ್ಯ ಕೇಂದ್ರದ ದಾದಿಯನ್ನು ಕೇಳಿ. ಈಗಾಗಲೇ ಅಂಥದ್ದು ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮತ್ತೆ, ಮಗಳಿಗೆ ಮೊಡವೆ ಬಂದರೆ ಬರಲಿ ಬಿಡಿ. ಆ ಮುಖವನ್ನೇ ಮತ್ತೊಮ್ಮೆ ಕಾಣಲು ಒಯ್ದಿನ್ ಇವತ್ತು ಏನು ಬೇಕಾದರೂ ಕೊಡುತ್ತಾಳೆ.