ಹೋಲಿಕೆಗೆ ಒಂದು ಹೆಸರು

ಕಿತ್ತಳೆ ಸುಲಿಯುತ್ತಿದ್ದಾರೆ, ನಾಗರಿಕ ಹಕ್ಕುಗಳ ಕಚೇರಿಯಲ್ಲಿ ನನ್ನ ದೂರು ಬರೆದುಕೊಳ್ಳುವ, ಮೇಜಿನಾಚೆಯ ಒಕಾಂಪೊ ಮೇಡಂ, ಬೇಜಾರಾಗ್ಬೇಡಮ್ಮ ಊಟಕ್ಕೆ ಬಿಡುವಾಗ್ಲಿಲ್ಲ ಎನ್ನುತ್ತ, ಅದರ ವಾಸನೆ ನನ್ನ ತನಕ ಬರಬೇಕು, ಬರುತ್ತಿಲ್ಲ, ಕೆಲಸ ಹೋದ ಮೇಲೆ ಯಾವುದರ ವಾಸನೆಯೂ ಅಷ್ಟಾಗಿ ಬರುವುದಿಲ್ಲ — ದೂರು ಒಂದೇ, ಹೋಗೋದು ಎರಡು ಕಡೆ, ನಮ್ಮ ಮಿಷಿಗನ್ ಕಾನೂನಿಗೂ, ದೇಶದ ಕಾನೂನಿಗೂ, ಗೊತ್ತಾಯ್ತಾ ಇಮಾನಿ, ನಾನು ತಲೆಯಾಡಿಸುತ್ತೇನೆ, ಜಡೆಗಳು ಕೆನ್ನೆಗೆ ತಾಗುತ್ತವೆ, ಇವೇ, ದೊಡ್ಡಮ್ಮ ಭಾನುವಾರವಿಡೀ ಕೂತು ಹೆಣೆದ ಸಣ್ಣ ಸಣ್ಣ ಜಡೆಗಳು, ಇವುಗಳಿಗಾಗಿಯೇ ಥೋರ್ಬೆಕ್ ಸಾಹೇಬರು ಹೆಣಗಳನ್ನು ಅಂತ್ಯಸಂಸ್ಕಾರಕ್ಕೆ ಸಿದ್ಧಮಾಡುವ ತಮ್ಮ ಫ್ಯೂನರಲ್ ಹೋಮಿನ ಸ್ವಾಗತದ ಮೇಜಿನಿಂದ ನನ್ನನ್ನು ಎಬ್ಬಿಸಿದ್ದು, ಬಿಚ್ಚಿಸ್ಕೊಂಡು ಬಾ, ಇಲ್ಲಿಗೆ ಜನ ಅಳೋಕೆ ಬರ್ತಾರೆ, ನಿನ್ನ ತಲೆ ನೋಡೋಕಲ್ಲ, ಬಿಚ್ಚಿಸಲಿಲ್ಲ, ಮೊದಲು ನೆಲಮಾಳಿಗೆಯಲ್ಲಿ ಖಾಲಿ ಶವಪೆಟ್ಟಿಗೆಗಳ ನಡುವೆ ಕೂರಿಸಿದರು, ಆಮೇಲೆ ಅಲ್ಲಿಂದಲೂ ಕಳಿಸಿದರು, ಆಯ್ತು ಸರ್ ಅಂದೆ, ಥ್ಯಾಂಕ್ಸ್ ಕೂಡ ಅಂದೆ, ಮನೆಗೆ ಬಂದು ಪಾತ್ರೆ ತೊಳೆದೆ.

ಬಿಳಿ ಹುಡುಗಿ ಯಾರಾದ್ರೂ ಇದ್ಲಾ, ಅದೇ ಕೆಲಸ, ತಲೆಗೂದ್ಲು ಒಂಥರಾ, ಆದ್ರೂ ಏನೂ ಅನ್ನಿಸ್ಕೊಳ್ದೇ ಇದ್ದೋಳು, ಮೇಡಂ ಕೇಳುತ್ತಿದ್ದಾರೆ, ಹೆಸರು ಬೇಕು ಮಗಳೇ, ಹೋಲಿಕೆ ಇಲ್ದಿದ್ರೆ ನಿಯಮ ಎಲ್ರಿಗೂ ಒಂದೇ ಅಂದ್ಬಿಡ್ತಾರೆ ಅವರ ವಕೀಲ್ರು, ಅವಳನ್ನೂ ಕರೆಸಿ ಕೇಳ್ತೀವಿ — ಇದ್ದಾಳೆ, ಹಲೀನಾ, ಪಕ್ಕದ ಕುರ್ಚಿಯವಳು, ಹಿಮ ಬಿದ್ದ ದಿನವೆಲ್ಲ ತನ್ನ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟವಳು, ತಲೆಗೆ ನೇರಳೆ ಬಣ್ಣ ಹಾಕಿಕೊಂಡು ಬಂದಾಗ ಸಾಹೇಬರು ನಕ್ಕರು, ಓಹೋ ದ್ರಾಕ್ಷಿ ಗೊಂಚಲು ಬಂತು ನೋಡಿ, ಅಷ್ಟೇ, ಅವಳ ಮಗುವಿನ ಉಬ್ಬಸದ ಔಷಧಿ ಬರುವುದು ಈ ಕೆಲಸದ ವಿಮೆಯಿಂದ, ಕರೆಸಿದಾಗ ಅವಳು ನಿಜ ಹೇಳಿದರೆ ಅವಳಿಗೂ ನೆಲಮಾಳಿಗೆ, ಅವಳ ಹೆಸರು ಬರದಿದ್ದರೆ ನನ್ನ ದೂರು ನಿಲ್ಲುವುದಿಲ್ಲ, ಆ ಬಣ್ಣ ಹಚ್ಚಿದ್ದು ಯಾರು ಅಂತ ಮೇಡಂ ಕೇಳುವುದಿಲ್ಲ, ಕಾನೂನಿಗೆ ಅದು ಬೇಡ, ಅವತ್ತು ನಮ್ಮ ಅಡುಗೆಮನೆ, ಹಲೀನಾ ಸಿಂಕಿನ ಮೇಲೆ ಬಾಗಿದ್ದಾಳೆ, ಲೇ ಇಮಾನಿ ನಿಧಾನ ಕಣೇ, ಕತ್ತು ಮುರಿದ್ರೆ ನಮ್ಮ ಅಂಗಡೀಲೇ ಮಲಗಿಸ್ಬೇಕಾಗತ್ತೆ, ಸಿಬ್ಬಂದಿಗೆ ರಿಯಾಯಿತಿನೂ ಕೊಡಲ್ಲ ಆ ಮುದುಕ, ನಾನು ನಗುತ್ತ ನೀರು ಹೊಯ್ಯುತ್ತಿದ್ದೇನೆ, ಅವಳ ಬೆಳ್ಳಗಿನ ಒದ್ದೆ ಕತ್ತು, ಅದರ ಮೇಲೆ ನನ್ನ ಕಪ್ಪು ಕೈ — ಹೆಸರು ಮಗಳೇ, ಗಡುವು ಇವತ್ತಿಗೇ ಮುಗಿಯತ್ತೆ — ಹಲೀನಾ, ಅನ್ನುತ್ತೇನೆ, ಯಾರದೋ ದನಿ, ಮನೆತನದ ಹೆಸರನ್ನೂ ಹೇಳುತ್ತೇನೆ, ಅಕ್ಷರ ಬಿಡಿಸಿ ಹೇಳುತ್ತೇನೆ, ಮೇಡಂ ಬರೆದುಕೊಳ್ಳುತ್ತಾರೆ, ಏನೂ ಅನ್ನಿಸುತ್ತಿಲ್ಲ, ಅನ್ನಿಸಬೇಕು, ಬರೀ ಆ ಕತ್ತು, ಬಾಗಿದ ಕತ್ತು, ಕಣ್ಣು ಮುಚ್ಚಿ ಅವಳು ನನ್ನ ಕೈಗೆ ಬಿಟ್ಟುಕೊಟ್ಟ ಕತ್ತು, ಕತ್ತು