ಹುರುಳಿ ಹಾಸಿದ ರಸ್ತೆ

ಕೆಂಪಾಪುರದ ಮುನಿಯಲ್ಲಮ್ಮನಿಗೆ ಬೆಳಗಾದರೆ ಒಂದೇ ಚಿಂತೆ. ಗಂಡ ಬ್ಯಾಟರಾಯಪ್ಪ ರಸ್ತೆ ದಾಟಿ ಕೊಟ್ಟಿಗೆಗೆ ಹೋಗಿ, ಹಾಲು ಕರೆದು, ನೆಟ್ಟಗೆ ಮನೆ ಸೇರಬೇಕು. ಮನೆ ಈ ಕಡೆ, ಹಸು ಆ ಕಡೆ. ನಡುವೆ ಹಿಂದೆ ಇದ್ದದ್ದು ಎತ್ತಿನ ಬಂಡಿಯ ಜಾಡು, ಈಗ ಡಾಂಬರು. ಡಾಂಬರು ಬಿದ್ದದ್ದೇ ತಡ, ಗಾಡಿಗಳಿಗೆ ಮೈಮೇಲೆ ದೇವರು ಬಂದ ಹಾಗಾಗಿತ್ತು. ಬ್ಯಾಟರಾಯಪ್ಪನಿಗೋ ಕಿವಿ ಮಂದ. ಹಿಂದಿನಿಂದ ಸ್ಕೂಟರ್ ಹಾರನ್ ಹೊಡೆದರೂ ಪಂಚೆ ಎತ್ತಿ ಕಟ್ಟಿಕೊಂಡು ತನ್ನ ಪಾಡಿಗೆ ನಡೆಯುವ ಆಸಾಮಿ.

ಪಕ್ಕದ ಮನೆಯ ವೀರಬಸಪ್ಪ ಗದಗಿನ ಕಡೆಯವನು, ಕಾರ್ಖಾನೆಯೊಂದರ ಆಫೀಸಿನಲ್ಲಿದ್ದ. ಅವನೇ ಓಡಾಡಿ, ಗಂಟೆಗೆ ಮೂವತ್ತು ಕಿಲೋಮೀಟರು ಮೀರಬಾರದೆಂಬ ಬೋರ್ಡು ಹಾಕಿಸಿದ. ಬೋರ್ಡು ಬಂದರೂ ವೇಗ ತಗ್ಗಲಿಲ್ಲ. ಆಫೀಸಿಗೆ ಹೊತ್ತಾದರೆ ವೀರಬಸಪ್ಪನ ಸ್ಕೂಟರೇ ಎಲ್ಲರಿಗಿಂತ ಮುಂದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಸಂಕ್ರಾಂತಿಯ ಹೊತ್ತಿಗೆ ಹುರುಳಿ ಕಿತ್ತದ್ದಾಯಿತು. ಕಣವಿದ್ದ ಜಾಗ ಸೈಟಾಗಿ ಹೋಗಿತ್ತು. ಊರವರೆಲ್ಲ ಮಾಡುವಂತೆ ಮುನಿಯಲ್ಲಮ್ಮನೂ ಹುರುಳಿ ಗಿಡವನ್ನು ರಸ್ತೆಗೇ ಹಾಸಿದಳು. ಚಕ್ರ ಹರಿದರೆ ಕಾಳು ತಾನಾಗಿ ಉದುರುತ್ತದೆ. ಆದರೆ ಅವಳು ಕಂಡದ್ದೇ ಬೇರೆ. ಹುರುಳಿ ಕಂಡೊಡನೆ ಲಾರಿಯವನೂ ಬ್ರೇಕ್ ಹಾಕುತ್ತಿದ್ದ. ಗಂಡ ನಿಧಾನವಾಗಿ ದಾಟಿ ಹೋದ, ದಾಟಿ ಬಂದ. ಅವತ್ತು ಅವಳು ನೆಮ್ಮದಿಯಾಗಿ ಕೂತು ಉಂಡಳು.

ಕಾಳು ತೂರಿ ಮೂಟೆ ಕಟ್ಟಿದ ಮೇಲೂ ಬರೀ ಹೊಟ್ಟನ್ನು ದಿನಾ ಹಾಸಿದಳು. ಒಣಗಿದಷ್ಟೂ ಅದು ಜಾರುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಕಣದಲ್ಲಿ ಯಾರೂ ಸ್ಕೂಟರ್ ಓಡಿಸಿರಲಿಲ್ಲವಲ್ಲ.

ಜಾರಿ ಬಿದ್ದವನು ವೀರಬಸಪ್ಪನೇ. ಕೈ ಮುರಿಯಿತು. ಮರುದಿನ ಸಂಜೆ ಬೀದಿಯವರು ಮುನಿಯಲ್ಲಮ್ಮನ ಜಗಲಿಯ ಮುಂದೆ ಸೇರಿದರು. ಮೊದಲು ಹೊಟ್ಟು ಗುಡಿಸಿ ಅಂದರು. ಆಮೇಲೆ ಈ ವಯಸ್ಸಿನಲ್ಲಿ ಮುದುಕ ರಸ್ತೆ ಯಾಕೆ ದಾಟಬೇಕು ಅಂದರು, ಹಸು ಮಾರಿಬಿಡಬಾರದೇ ಅಂದರು. ವೇಗದ ಮಾತನ್ನು ಒಬ್ಬರೂ ಎತ್ತಲಿಲ್ಲ. ಕೈಗೆ ಕಟ್ಟು ಹಾಕಿಸಿಕೊಂಡಿದ್ದ ವೀರಬಸಪ್ಪ ಮೆತ್ತಗೇ ಹೇಳಿದ: "ಯವ್ವಾ, ಅಜ್ಜಾರನ್ನ ಮನ್ಯಾಗ ಕೂಡಸ್ರಿ. ರಸ್ತೆ ಅಂದಮ್ಯಾಲ ಗಾಡಿ ಓಡತಾವ."

ಆ ಮುರಿದ ಕೈಯನ್ನು ನೋಡಿ ಮುನಿಯಲ್ಲಮ್ಮ ತಪ್ಪು ತನ್ನದೇ ಅಂದುಕೊಂಡಳು. ವಾದ ಮಾಡಲು ತ್ರಾಣವೂ ಇರಲಿಲ್ಲ. ಆಗಲಿ ಎಂದು ತಲೆಯಾಡಿಸಿದಳು.

ಬ್ಯಾಟರಾಯಪ್ಪ ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತು, ಇಷ್ಟು ಜನ ಮನೆಗೆ ಬಂದರಲ್ಲ ಎಂದು ಸಂತೋಷದಿಂದ ಎಲ್ಲರನ್ನೂ ನೋಡುತ್ತಿದ್ದ. ಒಂದು ಮಾತೂ ಅವನಿಗೆ ಕೇಳಿಸಿರಲಿಲ್ಲ.

"ಏನಂತೆ?" ಎಂದು ಹೆಂಡತಿಯನ್ನು ಕೇಳಿದ.

ಅವನಿಗೆ ಕೇಳಿಸಬೇಕಾದರೆ ಬೀದಿಗೆಲ್ಲ ಕೇಳಿಸುವಂತೆ ಕೂಗಬೇಕು. ಆದರೂ ಕೂಗಿದಳು: "ಇನ್ಮೇಲೆ ನೀವು ರಸ್ತೆಗೆ ಇಳೀಬಾರ್ದಂತೆ."

ಜನ ತಲೆ ತಗ್ಗಿಸಿದರು.

"ಅಂಗಾರೆ ಅಸ ಯಾರು ಕರೀತಾರೆ?" ಅಂದ ಬ್ಯಾಟರಾಯಪ್ಪ.

ಹಾಲಿನ ಹೊತ್ತು ಮೀರುತ್ತಿತ್ತು. ಅವನು ಚೊಂಬು ಹಿಡಿದು ಎದ್ದ. ರಸ್ತೆಯಲ್ಲಿ ಆಗ ಒಂದು ಗಾಡಿಯೂ ಇರಲಿಲ್ಲ. ಮುನಿಯಲ್ಲಮ್ಮನೇ ಅವನ ರಟ್ಟೆ ಹಿಡಿದು ಕೂರಿಸಿದಳು.